ನಮ್ಮ ಬಡಾವಣೆಯ ಪಾರ್ಕಿನಲ್ಲಿ ಡ್ರೋನ್ ಹಾರಿಸುವ ಮುನ್ನ

ತುಮಕೂರಿನಲ್ಲಿ ಪಾರ್ಕಿನೊಳಗೆ ಪುಟ್ಟ ಡ್ರೋನ್ ಹಾರಿಸಬಹುದೇ ಎಂದು ಯಾರನ್ನಾದರೂ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಮದುವೆ ವಿಡಿಯೊ ತೆಗೆಯುವವರು "ಸ್ಟೇಷನ್‌ಗೆ ಒಂದು ಮಾತು ಹೇಳಿದ್ರೆ ಸಾಕು" ಅಂದರು. ಎಲೆಕ್ಟ್ರಾನಿಕ್ಸ್ ಅಂಗಡಿಯವರು "250 ಗ್ರಾಂ ಒಳಗಿದ್ರೆ ಏನೂ ಬೇಡ ಮೇಡಂ, ಗಾಳಿಪಟ ಇದ್ದಂಗೆ" ಅಂದರು. ಪಾರ್ಕಿನ ವಾಚ್‌ಮನ್ ಅಂತೂ "ಇಲ್ಲಿ ಅದೆಲ್ಲ ಹಾರಿಸಂಗೇ ಇಲ್ಲ" ಎಂದುಬಿಟ್ಟರು. ಯಾವ ನಿಯಮದ ಪ್ರಕಾರ ಎಂದು ಕೇಳಿದರೆ ಮೂವರ ಹತ್ತಿರವೂ ಉತ್ತರವಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನಮ್ಮ ಹಳೆಯ ವಿದ್ಯಾರ್ಥಿಗಳು ಕೈಕೈ ಸೇರಿಸಿ ಲ್ಯಾಬಿಗೆಂದು ಒಂದು ಮಡಚುವ ಡ್ರೋನ್ ಕೊಡಿಸಿದ್ದರು, ದೇಶದಲ್ಲೇ ತಯಾರಾದದ್ದು. (ಹೊರದೇಶದಿಂದ ಸಿದ್ಧ ಡ್ರೋನ್ ತರಿಸುವುದಕ್ಕೆ 2022ರ ಫೆಬ್ರುವರಿ 9ರಿಂದ ನಿಷೇಧವಿದೆ, ಸಂಶೋಧನೆ, ರಕ್ಷಣೆ, ಭದ್ರತೆಯಂಥ ಕೆಲಸಕ್ಕಷ್ಟೇ ವಿನಾಯಿತಿ. ಬಿಡಿಭಾಗ ತರಿಸಿಕೊಳ್ಳಬಹುದು.) ನಕ್ಷೆ ಹೇಗೆ ಹುಟ್ಟುತ್ತದೆ, ಸ್ಕೇಲ್ ಅಂದರೇನು, ಒಂದು ಮಳೆಮರದ ನೆರಳು ಎಷ್ಟು ನೆಲ ಮುಚ್ಚುತ್ತದೆ, ಇವನ್ನೆಲ್ಲ ಒಂಬತ್ತನೇ ತರಗತಿಯ ಮಕ್ಕಳಿಗೆ ಮೇಲಿನಿಂದ ತೆಗೆದ ಚಿತ್ರದಲ್ಲಿ ತೋರಿಸಬೇಕೆಂಬುದು ನನ್ನ ಆಸೆ. ಶಾಲೆಯ ಅಂಗಳದ ಮೇಲೆ ಕರೆಂಟಿನ ತಂತಿಗಳು ಅಡ್ಡ ಹೋಗಿವೆ. ಬಡಾವಣೆಯ ಪಾರ್ಕು ನಡೆದು ಹೋಗುವಷ್ಟು ಹತ್ತಿರ, ನಡುವೆ ಒಳ್ಳೆಯ ಹುಲ್ಲುಹಾಸು ಬೇರೆ. ಆದರೆ ಇದು ಮಕ್ಕಳನ್ನು ನಿಲ್ಲಿಸಿಕೊಂಡು ಮಾಡುವ ಕೆಲಸ. ಯಾರೋ ಬಂದು ತಡೆದಾಗ ಮೇಷ್ಟ್ರು ಕಾನೂನು ಗೊತ್ತಿಲ್ಲದೆ ತಬ್ಬಿಬ್ಬಾಗಿ ನಿಲ್ಲುವುದನ್ನು ಮಕ್ಕಳು ನೋಡಬಾರದು. ಹಾಗಾಗಿ ಮೊದಲು ನಿಯಮ, ಆಮೇಲೆ ಹಾರಾಟ ಎಂದು ತೀರ್ಮಾನಿಸಿದೆ.

ದಾರಿ ತೋರಿಸಿದವನು ಗುಬ್ಬಿ ಕಡೆಯ ನನ್ನ ಹಳೆಯ ಶಿಷ್ಯ. ಹೊಲಗಳಿಗೆ ಔಷಧ ಹೊಡೆಯುವ ಡ್ರೋನ್ ಇಟ್ಟುಕೊಂಡಿದ್ದಾನೆ, ತರಬೇತಿ ಮುಗಿಸಿ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆದವನು. ಹತ್ತನೇ ತರಗತಿ ಪಾಸಾಗಿ, 18 ತುಂಬಿ, 65 ದಾಟದವರಿಗೆ ಅದು ಸಿಗುತ್ತದೆ. ಒಮ್ಮೆ ಸಿಕ್ಕರೆ ಹತ್ತು ವರ್ಷ ನಡೆಯುತ್ತದೆ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: "ಮೇಡಂ, ಯಾರ ಮಾತೂ ನಂಬ್ಬೇಡಿ. ರೂಲ್ಸ್‌ನೇ ಓದ್ಬಿಡಿ, ದೊಡ್ಡದೇನಿಲ್ಲ." ನಿಜ, ದೊಡ್ಡದೇನಲ್ಲ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟಿವೆ.

ಅಂಗಡಿಯವರ ಮಾತು ಅರ್ಧ ಸರಿ, ಅರ್ಧ ತಪ್ಪು ಎಂಬುದು ಅಲ್ಲಿ ಗೊತ್ತಾಯಿತು. 250 ಗ್ರಾಂವರೆಗಿನ ಡ್ರೋನ್ ನ್ಯಾನೊ ವರ್ಗ. ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ಡ್ರೋನಿಗೆ ಸಿಗುವ ಮಾನ್ಯತೆ ಪತ್ರ) ಬೇಡ, ಮೂರನೆಯವರ ಹಾನಿಗೆ ಮಾಡಿಸುವ ವಿಮೆಯೂ ಕಡ್ಡಾಯವಲ್ಲ. ನೋಂದಣಿ ಮಾತ್ರ ಬೇಕೇ ಬೇಕು. ಸರ್ಕಾರದ ವಿಮಾನಯಾನ ಇಲಾಖೆಯ ಜಾಲತಾಣದಲ್ಲಿ ನೋಂದಾಯಿಸಿ ಯುಐಎನ್ ಎಂಬ ಗುರುತಿನ ಸಂಖ್ಯೆ ಪಡೆಯಬೇಕು, ಶುಲ್ಕ 100 ರೂಪಾಯಿ. 250 ಗ್ರಾಂ ದಾಟಿ 2 ಕೆ.ಜಿ.ವರೆಗೆ ಮೈಕ್ರೊ. ಹವ್ಯಾಸಕ್ಕೆ ಹಾರಿಸಿದರೆ ಅದಕ್ಕೂ ಪೈಲಟ್ ಸರ್ಟಿಫಿಕೇಟ್ ಬೇಡ. ದುಡ್ಡಿಗಾಗಿ ಹಾರಿಸುವವರಿಗೆ ಬೇಕು. ಅಂದರೆ ಮದುವೆ ಮನೆಯ ಮೇಲೆ ಮೈಕ್ರೊ ಡ್ರೋನ್ ತಿರುಗಿಸುವವರು ಸ್ಟೇಷನ್‌ಗೆ ಒಂದು ಮಾತು ಹೇಳಿದರೆ ಮುಗಿಯುವುದಿಲ್ಲ. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೂ ಹೋಗಬಹುದು.

ಇಲ್ಲಿ ತೂಕದ ಮಾತು ಬಿಡಿಸಿ ಹೇಳಬೇಕು. ನಿಯಮ ಲೆಕ್ಕ ಹಿಡಿಯುವುದು ಡಬ್ಬಿಯ ಮೇಲೆ ಅಚ್ಚಾದ ತೂಕವನ್ನಲ್ಲ. ಬ್ಯಾಟರಿ, ಮೆಮೊರಿ ಕಾರ್ಡ್, ಹೊತ್ತ ಸಾಮಾನು ಎಲ್ಲ ಸೇರಿ ಹಾರುವಾಗ ಇರುವ ಗರಿಷ್ಠ ತೂಕವನ್ನು. ಚಿಕ್ಕಪೇಟೆಯಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳ ತಂದೆಯ ಚಿನ್ನಬೆಳ್ಳಿ ಅಂಗಡಿ ಇದೆ. ಅಲ್ಲಿ ಕೂತು ತೂಗಿಸಿದೆ. ಬೆಳ್ಳಿ ದೀಪ ತೂಗುವ ದೊಡ್ಡ ತಟ್ಟೆಯ ಮೇಲೆ ಡ್ರೋನ್ ಇಟ್ಟರು, 247 ಚಿಲ್ಲರೆ ಗ್ರಾಂ ತೋರಿಸಿತು. ಮೆಮೊರಿ ಕಾರ್ಡ್ ಹಾಕಿದರೂ ಗೆರೆ ದಾಟಲಿಲ್ಲ. ಮಕ್ಕಳ ಬೆರಳಿಗೆ ರೆಕ್ಕೆ ತಗುಲದಿರಲೆಂದು ಸುತ್ತ ಹಾಕುವ ಪ್ಲಾಸ್ಟಿಕ್ ಗಾರ್ಡ್‌ಗಳನ್ನೂ ಒಯ್ದಿದ್ದೆ. ನಾಲ್ಕನ್ನೂ ಸಿಕ್ಕಿಸಿ ಇಟ್ಟಾಗ ತಕ್ಕಡಿಯ ಅಂಕಿ 280ರ ಹತ್ತಿರಕ್ಕೆ ಏರಿತು. ಅಂಗಡಿಯ ಯಜಮಾನರು ನನ್ನ ಮುಖ ನೋಡಿದರು. ಸುರಕ್ಷತೆಗೆಂದು ಗಾರ್ಡ್ ಹಾಕಿದರೆ ಅದೇ ಡ್ರೋನ್ ನ್ಯಾನೊ ಹೋಗಿ ಮೈಕ್ರೊ ಆಗುತ್ತದೆ. ಆಗ ವಿಮೆ ಬೇಕೇ ಬೇಕು. ಗಾರ್ಡ್ ತೆಗೆದರೆ ಕಾಗದ ಪತ್ರ ಹಗುರ, ಆದರೆ ಬರಿಯ ರೆಕ್ಕೆ ಮಕ್ಕಳ ನಡುವೆ ತಿರುಗುತ್ತದೆ. ನಿಯಮ ಬರೆದವರು ಇನ್ನೊಮ್ಮೆ ಕೂತು ಯೋಚಿಸಬೇಕಾದ ಜಾಗ ಇದು. ರಕ್ಷಣೆಗೆಂದೇ ಸೇರಿಸುವ ಆ ಕೆಲವೇ ಗ್ರಾಂಗಳಿಗೆ ರಿಯಾಯಿತಿ ಸಿಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಗಾರ್ಡ್ ಬಿಟ್ಟೆ. ಅದರ ಬದಲು ಹಾರುವ ಜಾಗ ಮತ್ತು ಮಕ್ಕಳು ನಿಲ್ಲುವ ಜಾಗದ ನಡುವೆ ಹಗ್ಗ ಕಟ್ಟಿಸುವುದೆಂದು ಗೊತ್ತು ಮಾಡಿಕೊಂಡೆ.

ನೋಂದಣಿಗೆ ಕೇಳುವುದು ನಮ್ಮ ವಿವರ, ಜೊತೆಗೆ ಡ್ರೋನಿನ, ಅದರ ಫ್ಲೈಟ್ ಕಂಟ್ರೋಲರಿನ (ಹಾರಾಟ ನಿಯಂತ್ರಿಸುವ ಒಳಗಿನ ಭಾಗ) ಮತ್ತು ಕೈಯಲ್ಲಿ ಹಿಡಿಯುವ ರಿಮೋಟಿನ ಸೀರಿಯಲ್ ನಂಬರ್‌ಗಳು. ಡ್ರೋನಿನ ನಂಬರ್ ಬ್ಯಾಟರಿಯ ಗೂಡಿನೊಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ಅಚ್ಚಾಗಿತ್ತು. ಲ್ಯಾಬಿನ ಭೂತಗನ್ನಡಿ ತಂದು, ಒಬ್ಬ ಹುಡುಗ ಫೋನಿನ ಟಾರ್ಚ್ ಹಿಡಿದು, ಇನ್ನೊಬ್ಬಳು ಓದಿ ಹೇಳಿ, ನಾನು ಟೈಪ್ ಮಾಡಿದೆ. ಎಂಟೋ ಬಿ ಅಕ್ಷರವೋ ಎಂಬ ಒಂದು ಗೊಂದಲವನ್ನು ಡಬ್ಬಿಯ ಮೇಲಿನ ಚೀಟಿ ನೋಡಿ ಬಗೆಹರಿಸಿಕೊಂಡೆವು. ಸಂಖ್ಯೆ ಬಂದ ಮೇಲೆ ತೆಳು ಸ್ಟಿಕ್ಕರಿನಲ್ಲಿ ಬರೆದು ಡ್ರೋನಿನ ಹೊಟ್ಟೆಗೆ ಅಂಟಿಸಿದೆವು. ಸ್ಟಿಕ್ಕರಿನ ತೂಕವನ್ನೂ ಮಕ್ಕಳು ಲೆಕ್ಕ ಹಾಕಿದರು.

ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದಲ್ಲಿ ಆಕಾಶದ ನಕ್ಷೆಯೂ ಇದೆ. ದೇಶವನ್ನೆಲ್ಲ ಹಸಿರು, ಹಳದಿ, ಕೆಂಪು ಎಂದು ಗುರುತು ಮಾಡಿದ್ದಾರೆ. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಲು ಯಾರ ಅನುಮತಿಯೂ ಬೇಡ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರುವಂತಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಹಸಿರಿನ ಎತ್ತರ 200 ಅಡಿಗೆ ಇಳಿಯುತ್ತದೆ, ಅದರ ಮೇಲೆ ಹಳದಿ. ದೇವನಹಳ್ಳಿ ಸುತ್ತಮುತ್ತ ಇರುವವರು ಇದನ್ನು ಕಣ್ಣಿಟ್ಟು ನೋಡಬೇಕು. ನಮ್ಮೂರು ಕೆಂಪೇಗೌಡ ನಿಲ್ದಾಣದ ಆ ವೃತ್ತಗಳಿಂದ ಬಹಳ ದೂರ. ನಮ್ಮ ಪಾರ್ಕು ನಕ್ಷೆಯಲ್ಲಿ ಹಸಿರಾಗೇ ಕಂಡಿತು.

ಹಾಗಾದರೆ ವಾಚ್‌ಮನ್ "ಹಾರಿಸಂಗೇ ಇಲ್ಲ" ಅಂದದ್ದು ಯಾವ ಬಲದ ಮೇಲೆ? ಇದನ್ನು ಸ್ಟಾಫ್ ರೂಮಿನಲ್ಲಿ ಎತ್ತಿದಾಗ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕೇಂದ್ರ, ರಾಜ್ಯಗಳ ನಡುವೆ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿ ತೆಗೆದರು. "ನೋಡಿ ಮೇಡಂ, ವಿಮಾನ, ವಾಯುಯಾನ ಕೇಂದ್ರ ಪಟ್ಟಿಯಲ್ಲಿದೆ, 29ನೇ ನಮೂದು. ಆದರೆ ಸ್ಥಳೀಯ ಸಂಸ್ಥೆಗಳು ರಾಜ್ಯ ಪಟ್ಟಿಯ 5ನೇ ನಮೂದು. ಸಾರ್ವಜನಿಕ ಸುವ್ಯವಸ್ಥೆ, ಪೊಲೀಸು ಅದೇ ಪಟ್ಟಿಯ 1, 2." ನನ್ನ ಗೋಜಲೆಲ್ಲ ಆ ಮೂರು ಮಾತಿನಲ್ಲಿ ಬಿಡಿಸಿಕೊಂಡಿತು. ಆ ಗಾಳಿಯಲ್ಲಿ ಹಾರಬಹುದೇ ಎಂಬುದಕ್ಕೆ ಉತ್ತರ ದೆಹಲಿಯ ನಿಯಮದಲ್ಲಿದೆ. ಈ ಹುಲ್ಲಿನ ಮೇಲೆ ನಿಂತು ಡ್ರೋನ್ ಏರಿಸಬಹುದೇ, ಇಳಿಸಬಹುದೇ ಎಂಬುದು ಆ ನೆಲ ಯಾರ ಸುಪರ್ದಿನಲ್ಲಿದೆಯೋ ಅವರು ಹೇಳಬೇಕಾದ ಮಾತು. ಇವತ್ತು ಈ ಊರಿನಲ್ಲಿ ಹಾರಿಸಬೇಡಿ ಎಂದು ತಡೆಯುವ ಅಧಿಕಾರ ಪೊಲೀಸ್ ಮತ್ತು ಜಿಲ್ಲಾಡಳಿತದ ಕೈಲಿದೆ. ನಕ್ಷೆ ಹಸಿರಾಗಿದೆ ಎಂದು ಫೋನ್ ತೋರಿಸಿ ವಾಚ್‌ಮನ್ ಜೊತೆ ಜಗಳಕ್ಕೆ ನಿಲ್ಲುವವರಿಗೆ ಎರಡನೆಯ ಪ್ರಶ್ನೆ ಹೊಳೆದೇ ಇರುವುದಿಲ್ಲ. ಎಲ್ಲಕ್ಕೂ ಬೇಡ ಎನ್ನುವ ಕಾವಲಿನವರಿಗೆ ಮೊದಲನೆಯದು ಗೊತ್ತಿರುವುದಿಲ್ಲ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ ಎಂದುಕೊಂಡು ಕಿತ್ತಾಡುತ್ತಾರೆ.

ನೆಲದ ಪ್ರಶ್ನೆಗೆ ಉತ್ತರ ಸಿಗುವುದೇ ತಡವಾಯಿತು. ಉದ್ಯಾನಗಳೆಲ್ಲ ಒಂದೇ ಇಲಾಖೆಯವಲ್ಲ. ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯವು, ಅವಕ್ಕೆ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದೆ. ಬಡಾವಣೆಯ ಪಾರ್ಕುಗಳ ವಿಷಯಕ್ಕೆ ಬಂದರೆ ಕೆಲವನ್ನು ನಗರಾಭಿವೃದ್ಧಿ ಪ್ರಾಧಿಕಾರ ನೋಡಿಕೊಳ್ಳುತ್ತದೆ, ಕೆಲವು ಪಾಲಿಕೆಗೆ ಹಸ್ತಾಂತರವಾಗಿರುತ್ತವೆ. ನಮ್ಮ ಪಾರ್ಕು ಯಾರದೆಂದು ಕೇಳಲು ಹೋದ ಕಚೇರಿಯಲ್ಲಿ "ಅಲ್ಲಿ ಕೇಳಿ" ಅಂದರು. ಅಲ್ಲಿ ಹೋದರೆ "ಇಲ್ಲಲ್ಲ, ಅಲ್ಲೇ" ಅಂದರು. ಕೊನೆಗೆ ಪಾರ್ಕಿನ ಬೋರ್‌ವೆಲ್ ಕರೆಂಟ್ ಬಿಲ್ ಯಾರ ಹೆಸರಿಗೆ ಬರುತ್ತದೆಂದು ವಾಚ್‌ಮನ್ನರನ್ನೇ ಕೇಳಿದೆ. ತಕ್ಷಣ ಹೇಳಿದರು. ನಿಮಗೂ ಇಂಥ ಸಂದರ್ಭ ಬಂದರೆ ಬಿಲ್ ಕಟ್ಟುವವರನ್ನು ಹುಡುಕಿ, ಯಜಮಾನರು ಸಿಗುತ್ತಾರೆ.

ಆ ಕಚೇರಿಯಲ್ಲಿ ಬಾಯಿಮಾತಿನ ಉತ್ತರ ದಿನಕ್ಕೊಂದು ಬಗೆ. ಹಾಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಬರೆದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಎರಡೇ ವಿಷಯ ಕೇಳಿದೆ: ಈ ಪಾರ್ಕಿನಲ್ಲಿ ಡ್ರೋನ್ ಹಾರಾಟ ನಿಷೇಧಿಸಿದ ಯಾವುದಾದರೂ ಆದೇಶ ಅಥವಾ ನಿರ್ಣಯ ಇದ್ದರೆ ಅದರ ಪ್ರತಿ, ಪಾರ್ಕಿನಲ್ಲಿ ಶಾಲಾ ಚಟುವಟಿಕೆಗೆ ಅನುಮತಿ ಕೊಡುವ ಅಧಿಕಾರಿಯ ಹುದ್ದೆ. ಹೆಸರಲ್ಲ, ಹುದ್ದೆ; ಜನ ವರ್ಗವಾಗುತ್ತಾರೆ, ಹುದ್ದೆ ಉಳಿಯುತ್ತದೆ. 30 ದಿನದ ಗಡುವಿನೊಳಗೆ ಉತ್ತರ ಬಂತು. ಡ್ರೋನ್ ಬಗ್ಗೆ ಪ್ರತ್ಯೇಕ ಆದೇಶ ಯಾವುದೂ ಕಡತದಲ್ಲಿಲ್ಲ. ಪಾರ್ಕಿನೊಳಗೆ ಯಾವುದೇ ಕಾರ್ಯಕ್ರಮಕ್ಕೆ ಮುಂಚಿತವಾಗಿ ಲಿಖಿತ ಅನುಮತಿ ಪಡೆಯಬೇಕು. ಆಟದ ಬಯಲು, ಪಾರ್ಕುಗಳ ಜಾಗವನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಯುವ ರಾಜ್ಯದ ಕಾಯ್ದೆ 1985ರದು. ಅದನ್ನು ಬರೆದಾಗ ಅಂಗೈಯಗಲದ ಯಂತ್ರವೊಂದು ಕ್ಯಾಮೆರಾ ಹೊತ್ತು ಮರದ ಮೇಲೆ ನಿಲ್ಲುತ್ತದೆಂದು ಯಾರು ತಾನೆ ಎಣಿಸಿದ್ದಾರು?

ಹೀಗಾಗಿ ಅನುಮತಿಯ ಅರ್ಜಿ ಹಾಕಿದೆ. "ಡ್ರೋನ್ ಹಾರಿಸಲು ಅನುಮತಿ ಕೋರಿ" ಎಂದಷ್ಟೇ ಬರೆದರೆ ಓದುವವರಿಗೆ ಗಾಬರಿ. ನಾನು ಬರೆದದ್ದು: ಶಾಲೆಯ ಪಾಠದ ಭಾಗ, ಭಾನುವಾರ ಬೆಳಿಗ್ಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಹುಲ್ಲುಹಾಸಿನ ಮೇಲೆ ಮಾತ್ರ, ಎತ್ತರ 100 ಅಡಿ ಮೀರುವುದಿಲ್ಲ, ಯಂತ್ರದ ತೂಕ ಇಷ್ಟು, ಯುಐಎನ್ ಇದು, ರಿಮೋಟ್ ನನ್ನ ಕೈಯಲ್ಲೇ ಇರುತ್ತದೆ, ಹೊಣೆ ನನ್ನದು. ಜೊತೆಗೆ ಪಾರ್ಕಿನ ಕೈಬರಹದ ನಕ್ಷೆಯಲ್ಲಿ ಹಾರುವ ಚೌಕಕ್ಕೆ ಗೆರೆ ಎಳೆದು ಕೊಟ್ಟೆ. ನಕ್ಷೆ ಬರೆದವರು ಮಕ್ಕಳೇ. ಅಧಿಕಾರಿ ಅದನ್ನು ಬಹಳ ಹೊತ್ತು ನೋಡಿ, ಮಕ್ಕಳ ಆಟದ ಸಲಕರಣೆ ಇರುವ ಮೂಲೆ ಆ ಚೌಕದಿಂದ ಎಷ್ಟು ದೂರ ಎಂದು ಕೇಳಿದರು. ಅದೇ ಕೇಳಬೇಕಾದ ಪ್ರಶ್ನೆ. ಹೆಜ್ಜೆ ಅಳತೆ ಹೇಳಿದೆ. ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟರು.

ಅದರ ಪ್ರತಿಯನ್ನು ಸ್ಟೇಷನ್‌ಗೂ ಕೊಟ್ಟು ಬಂದೆ. ಹಸಿರು ವಲಯದಲ್ಲಿ ಇದು ಕಡ್ಡಾಯವಲ್ಲ, ಆದರೂ ಯಾರಾದರೂ ಫೋನ್ ಮಾಡಿ ದೂರಿದರೆ ಅವರಿಗೆ ವಿಷಯ ಗೊತ್ತಿರಲಿ ಎಂದು. ಅಲ್ಲಿದ್ದ ಪಿಎಸ್‌ಐ ಒಳ್ಳೆಯ ಮಾತೊಂದು ಹೇಳಿದರು: "ಇವತ್ತು ಹಸಿರು ಇದೆ ಅಂತ ಭಾನುವಾರನೂ ಇರತ್ತೆ ಅನ್ಕೋಬೇಡಿ ಮೇಡಂ. ಹೊರಡೋ ಮುಂಚೆ ಇನ್ನೊಂದ್ಸಲ ನೋಡಿ." ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ಜಿಲ್ಲಾಧಿಕಾರಿಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಅಡಿ ನಿಷೇಧಾಜ್ಞೆಯನ್ನೂ ಹೊರಡಿಸಬಹುದು. ನಮ್ಮೂರಿಗೆ ಇದು ಪುಸ್ತಕದ ಮಾತಲ್ಲ. ಸಿದ್ಧಗಂಗಾ ಮಠಕ್ಕೆ ಏಪ್ರಿಲ್ 1ರ ಜಯಂತಿಗೆಂದು ಗಣ್ಯರು ಬರುತ್ತಾರೆ, ಹೆಲಿಕಾಪ್ಟರ್ ಇಳಿಯುತ್ತದೆ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಜನರನ್ನು ಹೊತ್ತ ವಿಮಾನ, ಹೆಲಿಕಾಪ್ಟರ್ ಕಂಡರೆ ಡ್ರೋನ್ ದಾರಿ ಬಿಡಲೇಬೇಕು. ಸದ್ದು ಕೇಳಿದೊಡನೆ ಇಳಿಸುವುದು, ಎಲ್ಲಿಂದ ಬರುತ್ತಿದೆ ಎಂದು ಕತ್ತೆತ್ತಿ ಹುಡುಕುತ್ತ ನಿಲ್ಲಬಾರದು ಎಂದು ಮಕ್ಕಳಿಗೆ ಕಲಿಸಿದೆ.

ಎಲ್ಲ ಕಾಗದವೂ ಕೈಗೆ ಬಂದ ಮೇಲೆ ಪಾರ್ಕಿನ ಜನರನ್ನು ಕಾಣಬೇಕಿತ್ತು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಅನುಮತಿ. ಬೆಳಿಗ್ಗೆ ವಾಕಿಂಗ್ ಬರುವವರಿಗೆಲ್ಲ ಹೇಳಿದೆ. ಬಹುತೇಕರು "ನಾವೂ ನೋಡ್ತೀವಿ" ಅಂದರು. ಪಾರ್ಕಿನ ಬೇಲಿಗೆ ಅಂಟಿಕೊಂಡ ಮನೆಯ ಅಜ್ಜಿಯೊಬ್ಬರು ಮಾತ್ರ ಒಪ್ಪಲಿಲ್ಲ. "ಏನಮ್ಮ, ನಮ್ಮ ತಾರಸಿ ಮ್ಯಾಲೆ ಬರ್ತದಾ ಅದು? ಸೊಸೆ ಬಟ್ಟೆ ಹರವ್ತಾಳೆ, ಮೊಮ್ಮಗಳು ಓದ್ಕಂತಾ ಕೂತಿರ್ತಾಳೆ" ಅಂದರು. ಅವರ ಮಾತು ಸಲೀಸಾಗಿ ತಳ್ಳಿಹಾಕುವಂಥದ್ದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ. ಹೆಂಗಸರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಡ್ರೋನಿನ ತೂಕ ಎಷ್ಟಿದ್ದರೂ ಅದಕ್ಕೆ ವಿನಾಯಿತಿ ಇಲ್ಲ.

ಅಜ್ಜಿಗೆ ಕಾನೂನು ಹೇಳಲು ಹೋಗಲಿಲ್ಲ. ಡ್ರೋನ್ ಅವರ ಜಗಲಿಯ ಮೇಲಿಟ್ಟು, ರೆಕ್ಕೆ ತಿರುಗಿಸದೆ ಕ್ಯಾಮೆರಾ ಮಾತ್ರ ಹಾಕಿ ಫೋನ್ ಅವರ ಕೈಗೆ ಕೊಟ್ಟೆ. ಕ್ಯಾಮೆರಾ ನೇರ ಕೆಳಕ್ಕೆ ಬಾಗಿದಾಗ ಪರದೆಯಲ್ಲಿ ರಂಗೋಲಿಯ ಚುಕ್ಕೆಗಳು ಕಂಡವು, ಮುಂದಕ್ಕೆ ಎತ್ತಿದಾಗ ಎದುರು ಮನೆ ಕಂಡಿತು. "ಹಿಂಗೆ ಕೆಳಕ್ಕೇ ನೋಡ್ತಿದ್ರೆ ಪರವಾಗಿಲ್ಲ, ಹಂಗೆ ಎತ್ತಬೇಡ" ಅಂದರು. ಅದನ್ನೇ ನಿಯಮ ಮಾಡಿಕೊಂಡೆವು. ಬೇಲಿಯ ಹತ್ತಿರ ಹೋಗುವುದಿಲ್ಲ, ಕ್ಯಾಮೆರಾ ನೆಲವನ್ನಷ್ಟೇ ನೋಡುತ್ತದೆ. ಮುಗಿದ ಮೇಲೆ ಚಿತ್ರಗಳನ್ನು ಅವರಿಗೆ ತೋರಿಸುತ್ತೇವೆ ಎಂದು ಮಾತು ಕೊಟ್ಟೆ.

ಭಾನುವಾರ ನಕ್ಷೆ ಹಸಿರಾಗೇ ಇತ್ತು. ವಾಕಿಂಗಿನ ಗುಂಪು ಮನೆಗೆ ಹೋದ ಮೇಲೆ ಹಗ್ಗ ಕಟ್ಟಿದೆವು, ವಾಚ್‌ಮನ್ನರೇ ಒಂದು ತುದಿ ಹಿಡಿದರು. ಒಬ್ಬ ಹುಡುಗನಿಗೆ ಆಕಾಶ ನೋಡುವ ಕೆಲಸ, ಒಬ್ಬಳಿಗೆ ದಾರಿ ನೋಡುವ ಕೆಲಸ. ಡ್ರೋನ್ ಮರದ ತುದಿ ದಾಟಿದ ಸ್ವಲ್ಪ ಹೊತ್ತಿಗೆ "ಹದ್ದು ಬಂತು ಮಿಸ್" ಎಂದು ಆಕಾಶದ ಹುಡುಗ ಕೂಗಿದ. ಸುತ್ತು ಹಾಕುತ್ತ ಕೆಳಗಿಳಿಯುತ್ತಿತ್ತು. ತಕ್ಷಣ ಇಳಿಸಿದೆ. ಹದ್ದಿಗೆ ಡ್ರೋನ್ ಎದುರಾಳಿಯಾಗಿ ಕಾಣುತ್ತದೆ, ರೆಕ್ಕೆ ತಗುಲಿದರೆ ಹಕ್ಕಿಗೂ ಗಾಯ. ಗೂಡು ಕಟ್ಟುವ ಕಾಲದಲ್ಲಂತೂ ಹಕ್ಕಿಗಳಿರುವ ಕಡೆ ಹಾರಿಸಲೇಬಾರದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಮರಿ ಮಾಡುತ್ತವೆ, ಊರವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಮೇಲಿನಿಂದ ಒಂದು ಚಂದದ ಚಿತ್ರಕ್ಕಾಗಿ ಅಲ್ಲಿ ಡ್ರೋನ್ ಎಬ್ಬಿಸುವವರನ್ನು ನಾನು ಕ್ಷಮಿಸಲಾರೆ. ಮಧುಗಿರಿ ಕೋಟೆಯಂಥ ಸಂರಕ್ಷಿತ ಸ್ಮಾರಕಗಳಿಗೂ ಪಾರ್ಕಿನ ಲೆಕ್ಕ ಹಿಡಿಯುವುದಿಲ್ಲ. ಪುರಾತತ್ವ ಇಲಾಖೆಯ ಅನುಮತಿ ಬೇರೆಯೇ ಬೇಕು.

ಹದ್ದು ದೂರ ಹೋದ ಮೇಲೆ ಮತ್ತೆ ಏರಿಸಿ, ಬೇಕಾದ ಚಿತ್ರಗಳನ್ನು ತೆಗೆದು ಮುಗಿಸಿದೆವು. ಮಕ್ಕಳು ಹುಲ್ಲಿನ ಮೇಲೆ ಹತ್ತು ಮೀಟರ್ ಉದ್ದಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಚಿತ್ರದಲ್ಲಿ ಆ ಗೆರೆ ಎಷ್ಟು ಸೆಂಟಿಮೀಟರ್ ಬಂದಿದೆ ಎಂದು ಅಳೆದು ಸ್ಕೇಲ್ ಕಂಡುಹಿಡಿದರು. ಅದೇ ಲೆಕ್ಕದಲ್ಲಿ ಮಳೆಮರದ ನೆರಳಿನ ವಿಸ್ತೀರ್ಣ ತೆಗೆದಾಗ, ಅದು ನಮ್ಮ ತರಗತಿ ಕೋಣೆಗಿಂತ ಬಹಳ ದೊಡ್ಡದೆಂದು ನೋಡಿ ಒಂದು ಹುಡುಗಿ ಎರಡೆರಡು ಸಲ ಗುಣಿಸಿದಳು. ಅಜ್ಜಿಯ ಮನೆಗೆ ಹೋಗಿ ಚಿತ್ರ ತೋರಿಸಿದೆವು. ಬೇಲಿಯ ಈಚೆಗಷ್ಟೇ ಕಂಡದ್ದನ್ನು ಅವರು ಬೆರಳಿಟ್ಟು ಪರೀಕ್ಷಿಸಿ ಒಪ್ಪಿಕೊಂಡರು.

ಈಗ ಮಕ್ಕಳೇ ಒಂದು ಮನವಿ ಬರೆದಿದ್ದಾರೆ. ಪಾರ್ಕಿನ ಗೇಟಿನಲ್ಲಿ "ಹೂ ಕೀಳಬೇಡಿ", "ನಾಯಿಗಳಿಗೆ ಪ್ರವೇಶವಿಲ್ಲ" ಎಂಬ ಫಲಕಗಳಿವೆ. ಅದರ ಕೆಳಗೆ ಡ್ರೋನ್ ಬಗ್ಗೆಯೂ ನಾಲ್ಕು ಸಾಲು ಬರಲಿ, ಲಿಖಿತ ಅನುಮತಿ ಯಾವ ಹುದ್ದೆಯವರಿಂದ ಪಡೆಯಬೇಕು, ಯಾವ ವೇಳೆ, ಯಾವ ಜಾಗ, ಮನೆಗಳ ಕಡೆ ಕ್ಯಾಮೆರಾ ತಿರುಗಿಸಬಾರದು ಎಂದು. ಕಚೇರಿಯವರು ಬಡಾವಣೆಯ ನಿವಾಸಿಗಳ ಸಹಿ ತನ್ನಿ, ಪರಿಶೀಲಿಸುತ್ತೇವೆ ಎಂದಿದ್ದಾರೆ. ಸಹಿ ಸಂಗ್ರಹ ನಡೆಯುತ್ತಿದೆ. ವಾಕಿಂಗಿನವರು ಬೆಳಿಗ್ಗೆ 8 ಗಂಟೆಗೆ ಮುಂಚೆ ಬೇಡ ಎಂದು ಸೇರಿಸಿ ಅಂದಿದ್ದಾರೆ, ಅಜ್ಜಿ ಸಂಜೆಯೂ ಬೇಡ ಅಂದಿದ್ದಾರೆ. ಎರಡನ್ನೂ ಸೇರಿಸಿದ್ದೇವೆ.